ರಾಣಿ ಕೇಳಿದ ಪ್ರಶ್ನೆ

ಕೇಂದ್ರ ಸರ್ಕಾರದ ಗುಮಾಸ್ತರಾದ ನಮ್ಮಂಥವರಿಗೆ ಪ್ರವಾಸವೆಂದರೆ ಎಲ್.ಟಿ.ಸಿ. ರಜೆ ಮಂಜೂರಾಗಬೇಕು, ಮುಂಗಡ ಕೈಗೆ ಬರಬೇಕು, ರೈಲಿನಲ್ಲಿ ಬರ್ತು ಸಿಗಬೇಕು, ತಿರುಗಿ ಬಂದ ಮೇಲೆ ಟಿಕೆಟುಗಳನ್ನು ಜೋಪಾನವಾಗಿ ಬಿಲ್ಲಿಗೆ ಲಗತ್ತಿಸಬೇಕು. ಇಷ್ಟೆಲ್ಲ ಮುಗಿದ ಮೇಲೆ ಸೆಕ್ಷನ್ನಿನ ಗೆಳೆಯರು ಏನೇನು ನೋಡಿಬಂದಿರಿ ಎಂದು ಕೇಳುತ್ತಾರೆ. ನಾವು ಪಟ್ಟಿ ಒಪ್ಪಿಸುತ್ತೇವೆ. ಜೋಗ, ಕೆಳದಿ, ಇಕ್ಕೇರಿ, ಕೊಲ್ಲೂರು. ಯಾರ ಸಂಗಡ ಮಾತನಾಡಿದಿರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ನಾವು ಕೊಡಬೇಕಾಗಿದ್ದ ಉತ್ತರ ಒಂದೇ. ಟ್ಯಾಕ್ಸಿಯ ಡ್ರೈವರನ ಸಂಗಡ, ಅದೂ ಬಾಡಿಗೆಯ ವಿಷಯವಾಗಿ.

ನಾಲ್ಕು ವರ್ಷಗಳ ಹಿಂದಿನ ಮಾತು. ಸಾಗರದಿಂದ ಇಕ್ಕೇರಿಗೆ ಹೋಗಿ ಅಘೋರೇಶ್ವರ ದೇವಸ್ಥಾನ ನೋಡಿ ಹೊರಗೆ ಬರುತ್ತಿದ್ದೆವು. ಪಕ್ಕದ ಮನೆಯ ಜಗಲಿಯ ಮೇಲೆ ಕುಳಿತು ಅಡಿಕೆ ಆರಿಸುತ್ತಿದ್ದ ಅಜ್ಜಿಯೊಬ್ಬರು ನಮ್ಮ ಮಗಳನ್ನು ನೋಡಿ ನಕ್ಕು, "ಯಾರ ಮನೆಗೆ ಬಂದದ್ದು? ಯಾವ ಊರಿನ ಕೂಸು ನೀನು?" ಎಂದು ಕೇಳಿದರು. ಮಗಳು ಹುಟ್ಟಿ ಬೆಳೆದದ್ದು ದಿಲ್ಲಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಪ್ರಶ್ನೆ ಅವಳಿಗೆ ಅರ್ಥವಾಯಿತು, ಉತ್ತರ ಬಾಯಿಗೆ ಬರಲಿಲ್ಲ. ನಮ್ಮ ಮುಖ ನೋಡಿದಳು. "ನಾವು ದಿಲ್ಲಿಯವರು ಅಜ್ಜೀ, ಹೀಗೇ ನೋಡಲು ಬಂದಿದ್ದೆವು" ಎಂದು ನಾವೇ ಉತ್ತರ ಕೊಟ್ಟೆವು. "ಬಿಸಿಲಿನಲ್ಲಿ ಬಂದಿದೀರಿ, ಮಜ್ಜಿಗೆ ಕುಡಿದು ಹೋಗಿ" ಎಂದರು. ಕತ್ತಲಾಗುವುದರೊಳಗೆ ಕೊಲ್ಲೂರು ಸೇರಬೇಕಾಗಿತ್ತು. ಇನ್ನೊಮ್ಮೆ ಬಂದಾಗ ಕುಡಿಯುತ್ತೇವೆ ಎಂದು ಹೇಳಿ ಗಾಡಿ ಹತ್ತಿದೆವು. ನಮ್ಮ ಹುಟ್ಟೂರು ಅಲ್ಲಿಂದ ಒಂದು ದಿನದ ದಾರಿಯೂ ಅಲ್ಲ. ಆದರೂ "ದಿಲ್ಲಿಯವರು" ಎಂಬ ಮಾತು ನಮ್ಮ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂಬುದು ಹೊಳೆದದ್ದು ಆ ರಾತ್ರಿ ಮಲಗಿದ ಮೇಲೆ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಅದೇ ಇಕ್ಕೇರಿಗೆ ಸುಮಾರು ನಾನೂರು ವರ್ಷಗಳ ಹಿಂದೆ ಇನ್ನೊಬ್ಬ ಪ್ರವಾಸಿ ಬಂದಿದ್ದ. ಅವನಿಗೆ ನಮ್ಮ ಭಾಷೆಯ ಗಂಧವಿರಲಿಲ್ಲ. ಆದರೂ ದಾರಿಯಲ್ಲಿ ಕಂಡ ಹುಡುಗರು, ಹೆಂಗಸರು, ಜೋಗಿ, ರಾಣಿ ಎಲ್ಲರನ್ನೂ ಮಾತನಾಡಿಸಿಕೊಂಡು ಹೋದ. ಅವನ ಕಥೆಯನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ಅವನ ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. 1586ರಲ್ಲಿ ರೋಮ್ ನಗರದ ಸಿರಿವಂತ ಮನೆತನದಲ್ಲಿ ಹುಟ್ಟಿದವನು. ಪ್ರಾಯದಲ್ಲಿ ಒಬ್ಬಳನ್ನು ಪ್ರೀತಿಸಿ, ಅವಳು ಬೇರೊಬ್ಬನ ಕೈಹಿಡಿದದ್ದರಿಂದ ಮನಸ್ಸು ಮುರಿದು, ನೇಪಲ್ಸಿನ ವೈದ್ಯಮಿತ್ರ ಮಾರಿಯೊ ಸ್ಕಿಪಾನೊನ ಸಲಹೆಯಂತೆ ಯಾತ್ರೆ ಹೊರಟ. 1614ರಲ್ಲಿ ವೆನಿಸಿನಿಂದ ಹಡಗು ಹತ್ತಿದವನು ತುರ್ಕಿ, ಈಜಿಪ್ಟ್, ಜೆರೂಸಲೇಂ ಸುತ್ತಿ ಬಾಗ್ದಾದಿಗೆ ಬಂದು, ಅಲ್ಲಿ ಮಾನಿ ಎಂಬ ಕ್ರೈಸ್ತ ತರುಣಿಯನ್ನು ಮದುವೆಯಾದ. ಪರ್ಷಿಯದಲ್ಲಿ ಗಂಡಹೆಂಡಿರು ಕೆಲವು ವರ್ಷ ಸುತ್ತಿದರು. 1621ರ ಕೊನೆಯಲ್ಲಿ ಹೊರ್ಮುಜಿನ ಹತ್ತಿರ ಮಾನಿ ಜ್ವರದಿಂದ ತೀರಿಕೊಂಡಳು. ಆಕೆಯನ್ನು ಪರದೇಶದ ಮಣ್ಣಿನಲ್ಲಿ ಬಿಟ್ಟುಹೋಗಲು ಅವನಿಗೆ ಮನಸ್ಸು ಬರಲಿಲ್ಲ. ಶವವನ್ನು ಕೆಡದಂತೆ ಲೇಪನ ಮಾಡಿಸಿ ಪೆಟ್ಟಿಗೆಯಲ್ಲಿಟ್ಟು ಜೊತೆಗೇ ಒಯ್ದ. ಆ ಪೆಟ್ಟಿಗೆ ಸಮುದ್ರ ದಾಟಿ ನಮ್ಮ ದೇಶಕ್ಕೂ ಬಂತು. 1623ರಲ್ಲಿ ಸೂರತ್ ಬಂದರಿನಲ್ಲಿ ಇಳಿದ ಮನುಷ್ಯ, ಹೊರಗೆ ನೋಡಲು ಕುತೂಹಲದ ಪ್ರವಾಸಿ. ಒಳಗೆ ಹೆಂಡತಿಯನ್ನು ಕಳೆದುಕೊಂಡು ಎರಡು ವರ್ಷವೂ ತುಂಬದ ವಿಧುರ.

ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಅವನು ಸ್ಕಿಪಾನೊನಿಗೆ ಕಾಗದ ಬರೆದು ತಿಳಿಸುತ್ತಿದ್ದ. ಭಾರತದ ಕಾಗದಗಳು ಪುಸ್ತಕವಾಗಿ ಬಂದದ್ದು 1663ರಲ್ಲಿ, ಅವನು ಸತ್ತು ಹನ್ನೊಂದು ವರ್ಷಗಳಾದ ಮೇಲೆ. ಹ್ಯಾವರ್ಸ್ ಎಂಬವನು ಮಾಡಿದ ಹಳೆಯ ಇಂಗ್ಲಿಷ್ ಅನುವಾದವನ್ನು ಎಡ್ವರ್ಡ್ ಗ್ರೇ ಸಂಪಾದಿಸಿ, 1892ರಲ್ಲಿ ಹಕ್ಲೂಯ್ಟ್ ಸೊಸೈಟಿ ಎರಡು ಸಂಪುಟಗಳಲ್ಲಿ ಪ್ರಕಟಿಸಿತು. ವಿಜ್ಞಾನದ ವಿದ್ಯಾರ್ಥಿಗಳಾಗಿದ್ದ ನಮಗೆ ಇತಿಹಾಸವೆಂದರೆ ಇಸವಿಗಳ ಕಾಟ ಎಂಬ ಭಾವನೆಯಿತ್ತು. ಅದನ್ನು ಬಿಡಿಸಿದ್ದು ಈ ಎರಡು ಸಂಪುಟಗಳು.

ಆಗ ಇಕ್ಕೇರಿಯಲ್ಲಿ ಆಳುತ್ತಿದ್ದವನು ವೆಂಕಟಪ್ಪ ನಾಯಕ. ವಿಜಯನಗರದ ಸಾಮಂತರಾಗಿದ್ದ ಮನೆತನ ಸ್ವತಂತ್ರವಾಗಿ ಬಲಿತಿದ್ದ ಕಾಲ. ಕರಾವಳಿಯ ಮೆಣಸು ಅವನ ಕೈಯಲ್ಲಿತ್ತು, ಮೆಣಸು ಬೇಕಾಗಿದ್ದ ಪೋರ್ಚುಗೀಸರು ಗೋವೆಯಿಂದ ಅವನಲ್ಲಿಗೆ ರಾಯಭಾರಿಯನ್ನು ಕಳುಹಿಸಿದರು. ಆ ರಾಯಭಾರಿಯ ಪರಿವಾರದಲ್ಲಿ, ಯಾವ ಸರ್ಕಾರಿ ಕೆಲಸವೂ ಇಲ್ಲದೆ, ಬರಿಯ ನೋಡುವ ಆಸೆಯಿಂದ ದೆಲ್ಲಾ ವಾಲ್ಲೆಯೂ ಸೇರಿಕೊಂಡ. 1623ರ ಅಕ್ಟೋಬರಿನಲ್ಲಿ ಗೋವೆಯಿಂದ ಹೊನ್ನಾವರಕ್ಕೆ ಬಂದು, ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಯವರೆಗೆ ಹೋಗಿ, ಅಲ್ಲಿಂದ ಘಟ್ಟ ಹತ್ತಿದರು. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದ ಅರಸಿಯ ಗೇರುಸೊಪ್ಪೆ ಆ ಹೊತ್ತಿಗಾಗಲೇ ಹಾಳುಬಿದ್ದು ಕಾಡು ಬೆಳೆದಿತ್ತು. ಅವರು ನಡೆದ ಸೀಮೆಯನ್ನು ಇಂದು ಹಾಗೆಯೇ ನಡೆದು ನೋಡುವಂತಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಶರಾವತಿ ಕಣಿವೆಯ ಎಷ್ಟೋ ಊರುಗಳು ಮುಳುಗಿಹೋದವು.

ಘಟ್ಟದ ಮೇಲೆ ಒಂದು ಕಡೆ ಹೊರೆಯಾಳುಗಳು ಸಾಮಾನು ಹೊಂದಿಸುತ್ತಿದ್ದಾಗ ಸ್ವಲ್ಪ ಹೊತ್ತು ಕಾಯಬೇಕಾಯಿತು. ರಾಯಭಾರಿಯ ಕಡೆಯವರು ಏನು ಮಾಡುತ್ತಿದ್ದರೋ ತಿಳಿಯದು. ನಮ್ಮ ಪ್ರವಾಸಿ ಮಾತ್ರ ದೇವಸ್ಥಾನದ ಮುಖಮಂಟಪದಲ್ಲಿ ಕುಳಿತ ನಾಲ್ಕು ಹುಡುಗರನ್ನು ನೋಡುತ್ತ ನಿಂತ. ನೆಲದ ಮೇಲೆ ನುಣ್ಣನೆಯ ಮರಳು ಹರಡಿತ್ತು. ಒಬ್ಬ ಹುಡುಗ ರಾಗವಾಗಿ ಒಂದು ಸಾಲು ಹೇಳುತ್ತ ಅದನ್ನೇ ಬೆರಳಿನಿಂದ ಮರಳಿನ ಮೇಲೆ ಬರೆಯುವನು. ಉಳಿದವರು ಅದೇ ರಾಗದಲ್ಲಿ ಹಾಡಿ ಬರೆಯುವರು. ಮರಳು ತುಂಬಿದರೆ ಅಳಿಸಿ ಹೊಸ ಮರಳು ಎರಚಿ ಮುಂದಿನ ಸಾಲು. ಅವನು ಹುಡುಗರನ್ನು ಕೇಳಿದ: ಇಲ್ಲಿ ಉಪಾಧ್ಯಾಯರೇ ಇಲ್ಲವಲ್ಲ, ಮರೆತರೆ ಏನು ಮಾಡುತ್ತೀರಿ? ನಾಲ್ವರೂ ಒಮ್ಮೆಗೇ ಮರೆಯುವುದು ಸಾಧ್ಯವಿಲ್ಲ, ಒಬ್ಬರಿಗೊಬ್ಬರು ಹೇಳಿಕೊಡುತ್ತೇವೆ ಎಂಬ ಅರ್ಥದ ಉತ್ತರ ಬಂತು. ಇದಕ್ಕಿಂತ ಸುಲಭವೂ ಭದ್ರವೂ ಆದ ಕಲಿಕೆ ಇಲ್ಲವೆಂದು ಅವನು ಮೆಚ್ಚಿ ಬರೆದುಕೊಂಡ.

ಹುಡುಗರು ಹಾಡುತ್ತಿದ್ದ ಸಾಲಿನ ಅರ್ಥವನ್ನೂ ಅವನು ಕೊಟ್ಟಿದ್ದಾನೆ. ಅದನ್ನು ಓದಿ ನಮಗೆ ಕುರ್ಚಿಯಲ್ಲಿ ಕೂಡಲಾಗಲಿಲ್ಲ. ಅದು ಬೇರೆ ಯಾವುದೂ ಅಲ್ಲ, ಒಂದೊಂದಲೆ ಒಂದು! ನಮ್ಮ ತಂದೆ ಮರಳಿನ ಮೇಲೆ ಕಲಿತದ್ದು, ನಾವು ಸ್ಲೇಟಿನ ಮೇಲೆ ಕಲಿತದ್ದು ಇದೇ ಮಗ್ಗಿ, ಇದೇ ರೀತಿ ರಾಗವಾಗಿ. ಹುಡುಗರೇ ಹುಡುಗರಿಗೆ ಕಲಿಸುವ ಈ ಪದ್ಧತಿಯನ್ನು 1789ರಿಂದ ಮದರಾಸಿನ ಅನಾಥಾಲಯದಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ತನ್ನ ಶಾಲೆಯಲ್ಲಿ ತಂದು, 1797ರಲ್ಲಿ ಇಂಗ್ಲೆಂಡಿನಲ್ಲಿ ವರದಿ ಅಚ್ಚು ಹಾಕಿಸಿದ. ಅಲ್ಲಿ ಅದು ಮದರಾಸು ಪದ್ಧತಿ ಎಂದು ಹೆಸರಾಯಿತು. ಬೆಲ್ ಮಹಾಶಯನಿಗಿಂತ ನೂರೆಪ್ಪತ್ತು ವರ್ಷ ಮೊದಲೇ ಮಲೆನಾಡಿನ ನಾಲ್ಕು ಹುಡುಗರು ಅದನ್ನು ಒಬ್ಬ ರೋಮನ್ನನಿಗೆ ವಿವರಿಸಿ ಹೇಳಿದ್ದರು. ಅವರು ಹೇಳಿದ್ದು ಅವನು ಕೇಳಿದ್ದರಿಂದ. ಕೇಳದೆ ಹೋಗಿದ್ದರೆ ಆ ಮರಳಿನ ಜೊತೆಯಲ್ಲೇ ಅದೂ ಅಳಿಸಿಹೋಗುತ್ತಿತ್ತು.

ಇಕ್ಕೇರಿಯಲ್ಲಿ ಅವನು ಅರಮನೆ ನೋಡಿದ, ಅರಸನನ್ನು ನೋಡಿದ, ಅಘೋರೇಶ್ವರನ ಗುಡಿಯನ್ನೂ ನೋಡಿದ. ಆದರೆ ಅವನ ಕಣ್ಣು ಹೆಚ್ಚಾಗಿ ಓಡುತ್ತಿದ್ದುದು ಬೀದಿಯ ಕಡೆಗೆ. ಹೂ ಮುಡಿದು ರೇಷ್ಮೆ ಉಟ್ಟ ಹುಡುಗಿಯರು ಬಣ್ಣದ ಗಿಡ್ಡ ಕೋಲುಗಳನ್ನು ತಾಳಕ್ಕೆ ಸರಿಯಾಗಿ ಬಡಿಯುತ್ತ, ಸುತ್ತು ತಿರುಗುತ್ತ, ಹಾಡಿನ ಕೊನೆಗೆ ಎಲ್ಲರೂ ಸೇರಿ ಕೋಲೆ ಕೋಲೆ ಎನ್ನುತ್ತಿದ್ದುದನ್ನು ಆ ಪದವನ್ನೇ ಇಟಾಲಿಯನ್ ಅಕ್ಷರದಲ್ಲಿ ಬರೆದು ದಾಖಲಿಸಿದ್ದಾನೆ. ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಮಹಿಳಾ ವಿಭಾಗದವರು ವರ್ಷ ವರ್ಷ ಆಡುವ ಕೋಲಾಟಕ್ಕೆ 1623ರ ಸಾಕ್ಷಿ ಇದು! ಮನೆಗಳ ನೆಲಕ್ಕೆ ಸಗಣಿ ಸಾರಿಸುವುದನ್ನು ಕಂಡು ಮೊದಲು ಬೆರಗಾದವನು, ಆಮೇಲೆ ಆ ನೆಲದ ನಯವನ್ನೂ ಹೊಳಪನ್ನೂ ಹೊಗಳಿ, ಊರಿಗೆ ಹೋದ ಮೇಲೆ ಇಟಲಿಯಲ್ಲಿಯೂ ಮಾಡಿಸಿ ನೋಡಬೇಕೆಂದು ಬರೆದ. ಪರರ ಮನೆಯ ಪದ್ಧತಿಯನ್ನು ಕಂಡು ಮೂಗು ಮುಚ್ಚಿಕೊಳ್ಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಅದನ್ನು ಮನೆಗೆ ಒಯ್ಯಬೇಕೆನ್ನುವವರು ಅಪರೂಪ.

ಇನ್ನು ಹೇಳಬೇಕಾದ ಭಾಗ ಸುಲಭದ್ದಲ್ಲ. ಅದೇ ನವೆಂಬರಿನಲ್ಲಿ ಒಂದು ದಿನ ಇಕ್ಕೇರಿಯ ಬೀದಿಯಲ್ಲಿ ಒಬ್ಬ ಹೆಂಗಸು ಕುದುರೆಯ ಮೇಲೆ ಕುಳಿತು ಹೋಗುತ್ತಿದ್ದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು. ಮೇಲೆ ಛತ್ರಿ, ಮುಂದೆ ವಾದ್ಯ. ಕೆಲವು ದಿನಗಳ ಹಿಂದೆ ಗಂಡ ಸತ್ತಿದ್ದನೆಂದೂ, ಆಕೆ ಸಹಗಮನಕ್ಕೆ ನಿಶ್ಚಯಿಸಿ ಊರಿಗೆ ವಿದಾಯ ಹೇಳುತ್ತಿರುವಳೆಂದೂ ಜನ ತಿಳಿಸಿದರು. ಬೇರೆ ಪ್ರವಾಸಿಯಾಗಿದ್ದರೆ ಈ ನೋಟವನ್ನು ಬರೆದುಕೊಂಡು ಮುಂದೆ ಹೋಗುತ್ತಿದ್ದ. ನಮ್ಮ ದೇಶಕ್ಕೆ ಬಂದು ಸತಿಯ ಬಗ್ಗೆ ಬರೆದ ಪರದೇಶಿಗಳಿಗೆ ಲೆಕ್ಕವಿಲ್ಲ. ದೆಲ್ಲಾ ವಾಲ್ಲೆ ಕೆಲವು ದಿನ ಬಿಟ್ಟು ಆಕೆಯ ಮನೆ ಹುಡುಕಿಕೊಂಡು ಹೋದ.

ಆಕೆ ಹೊರಗೆ ಬಂದು ನಿಂತುಕೊಂಡೇ ಮಾತನಾಡಿದಳು. ನಡುವೆ ದುಭಾಷಿ. ಹೆಸರು ಏನೆಂದು ಕೇಳಿದ. ಅವನ ಬರವಣಿಗೆಯಲ್ಲಿ ಅದು ಜಿಯಾಕ್ಕಮಾ ಎಂದಾಗಿದೆ. ನಮ್ಮ ಬಾಯಲ್ಲಿ ಜಕ್ಕಮ್ಮ. ಗಂಡ ವಾದ್ಯ ಬಾರಿಸುವವನು, ದೊಡ್ಡ ಮನೆತನದವನಲ್ಲ. ಹಿರಿಯ ಸವತಿಯರಿದ್ದರು; ಮಕ್ಕಳೊಂದಿಗರಾದ ಅವರು ಸಾಯಲು ಒಪ್ಪಿರಲಿಲ್ಲ. ನಿನಗೂ ಚಿಕ್ಕ ಮಕ್ಕಳಿದ್ದಾರಲ್ಲ, ಅವರನ್ನು ಬಿಟ್ಟು ಹೇಗೆ ಹೋಗುತ್ತೀಯೆ ಎಂದು ಅವನು ವಾದಿಸಿದ. ಯಾರಾದರೂ ಬಲವಂತ ಮಾಡಿದರೇ ಎಂದು ಕೇಳಿದ. ಇಲ್ಲ, ತನ್ನ ಇಚ್ಛೆ ಎಂದು ಆಕೆ ನಗುಮುಖದಿಂದಲೇ ಹೇಳಿದಳು. ಎಷ್ಟು ಹೇಳಿದರೂ ಮನಸ್ಸು ತಿರುಗಲಿಲ್ಲ. ಕೊನೆಗೆ ಅವನು, ನಿನ್ನ ಹೆಸರು ಲೋಕದಲ್ಲಿ ಉಳಿಯುವಂತೆ ಮಾಡುತ್ತೇನೆ ಎಂದು ಮಾತು ಕೊಟ್ಟು ಬಂದ; ಆಕೆಯ ಮೇಲೆ ಇಟಾಲಿಯನ್ ಭಾಷೆಯಲ್ಲಿ ಪದ್ಯಗಳನ್ನೂ ಬರೆದ.

ಈ ಪುಟಗಳನ್ನು ಓದುವಾಗ ನಮ್ಮ ಮನಸ್ಸು ಎರಡಾಗುತ್ತದೆ. ಒಂದು ಜೀವ ಉಳಿಸಲಾರದವನ ಪದ್ಯ ಯಾರಿಗೆ ಬೇಕು ಎಂದು ಒಂದು ಕಡೆ. ಬಲವಂತವಿಲ್ಲ ಎಂಬ ಮಾತನ್ನು, ಸುತ್ತ ಬಂಧುಬಳಗ ನಿಂತಿರುವಾಗ, ದುಭಾಷಿಯ ಬಾಯಿಂದ ಕೇಳಿ ಅವನು ನಂಬಬಹುದಿತ್ತೇ ಎಂಬ ಸಂಶಯ ಇನ್ನೊಂದು. ಆ ಪದ್ಧತಿಗೆ ಬ್ರಿಟಿಷ್ ಬಂಗಾಳದಲ್ಲಿ ಕಾನೂನಿನ ತಡೆ ಬಂದದ್ದೇ 1829ರಲ್ಲಿ, ಇನ್ನೂ ಎರಡು ಶತಮಾನ ಕಳೆದ ಮೇಲೆ. ಆದರೆ ಮತ್ತೂ ಒಂದು ಮಾತಿದೆ. ನಾಡಿನಲ್ಲಿ ಎಷ್ಟೋ ಮಾಸ್ತಿಕಲ್ಲುಗಳಿವೆ. ಬಳೆ ತೊಟ್ಟ ಎತ್ತಿದ ಕೈ, ಅದರಲ್ಲಿ ನಿಂಬೆಹಣ್ಣು. ಬಹಳ ಕಲ್ಲುಗಳ ಮೇಲೆ ಹೆಸರಿಲ್ಲ. ಜಕ್ಕಮ್ಮನಿಗೆ ಹೆಸರಿದೆ, ಮುಖವಿದೆ, ಮಕ್ಕಳ ಮಾತಿದೆ. ಸಾಯಬೇಡವೆಂದು ಆಕೆಯೊಡನೆ ವಾದಿಸಿದ ಒಬ್ಬ ಮನುಷ್ಯನೂ ಇದ್ದ ಎಂಬ ದಾಖಲೆಯಿದೆ. ಆ ಮನುಷ್ಯ ತನ್ನ ಹೆಂಡತಿಯ ದೇಹವನ್ನು ದೇಶದಿಂದ ದೇಶಕ್ಕೆ ಹೊತ್ತು ತಿರುಗುತ್ತಿದ್ದವನು. ಅಗಲಿದವರನ್ನು ಬಿಡಲಾರದ ಇಬ್ಬರು ಎದುರುಬದುರು ನಿಂತಿದ್ದರು ಎಂದು ನೆನೆದರೆ ಎದೆ ಝಲ್ಲೆನ್ನುತ್ತದೆ.

ಇಕ್ಕೇರಿಯಿಂದ ಅವನು ಬಸರೂರಿನ ಮೇಲೆ ಮಂಗಳೂರಿಗೆ ಇಳಿದ. ಡಿಸೆಂಬರಿನಲ್ಲಿ ಕದ್ರಿಯ ಜೋಗಿಗಳ ಅರಸನನ್ನು ನೋಡಲು ಹೋದರೆ, ಆ ಅರಸ ಕಿವಿಯಲ್ಲಿ ಬಂಗಾರದಂತೆ ಹೊಳೆಯುವ ಗುಂಡು, ಎದೆಯ ಮೇಲೆ ಬಿಳಿಯ ಗಡ್ಡ, ರೈತನಂತೆ ತನ್ನ ಕೆಲಸದಲ್ಲಿ ತೊಡಗಿದ್ದ ಗಟ್ಟಿಮುಟ್ಟಾದ ಮುದುಕ. ಉಳ್ಳಾಲದ ರಾಣಿಯನ್ನು ಕಾಣಲು ಹೋದಾಗಲೂ ಅದೇ ಅನುಭವ. ಈಕೆ ತನ್ನಿಂದ ಬೇರೆಯಾಗಿದ್ದ ಗಂಡ ಬಂಗರ ಅರಸನ ಮೇಲೆ ಯುದ್ಧ ಹೂಡಿ, ವೆಂಕಟಪ್ಪ ನಾಯಕನ ನೆರವಿನಿಂದ ಅವನನ್ನೂ ಅವನ ಬೆನ್ನಿಗಿದ್ದ ಪೋರ್ಚುಗೀಸರನ್ನೂ ಸೋಲಿಸಿದವಳು. ಅಬ್ಬಕ್ಕ ಎಂಬ ಹೆಸರಿನಿಂದ ನಾಡು ನೆನೆಯುವ ಉಳ್ಳಾಲದ ರಾಣಿಯರ ಸಾಲಿನವಳು. ಅಂಥವಳು ಅರಮನೆಯ ಸಿಂಹಾಸನದ ಮೇಲೆ ಸಿಗಲಿಲ್ಲ. ಕಾಲುವೆ ತೋಡಿಸುವ ಕೆಲಸ ನೋಡಿಕೊಂಡು ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು. ಸೊಂಟಕ್ಕೆ ದಪ್ಪ ಹತ್ತಿಯ ಬಿಳಿಯ ಬಟ್ಟೆ, ಹಿಂದೆ ಒಬ್ಬ ಹಿಡಿದ ಓಲೆಗರಿಯ ಕೊಡೆ, ಸುತ್ತ ನಾಲ್ಕಾರು ಸೈನಿಕರು. ನೋಡಿದರೆ ಅಡಿಗೆಮನೆಯ ಆಳಿನಂತಿದ್ದಾಳೆ, ಸ್ಪೇನಿನ ದೊರೆಯ ಸೈನ್ಯವನ್ನು ಸೋಲಿಸಿದವಳು ಈಕೆಯೇ ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ. (ಆಗ ಪೋರ್ಚುಗಲ್ ಸ್ಪೇನಿನ ದೊರೆಯ ಕೈಯಲ್ಲಿತ್ತು.) ಆದರೆ ಆಕೆ ಬಾಯಿ ತೆರೆದೊಡನೆ ಅವನ ಅಭಿಪ್ರಾಯ ಬದಲಾಯಿತು. ದನಿ ಇಂಪು, ಮಾತು ವಿವೇಕದ್ದು.

ಇಷ್ಟು ದಿನ ಎಲ್ಲರನ್ನೂ ಪ್ರಶ್ನೆ ಕೇಳುತ್ತ ಬಂದವನಿಗೆ ಇಲ್ಲಿ ಪ್ರಶ್ನೆ ತಿರುಗಿ ಬಂತು. ದಾರಿಯ ಮೇಲೆ ನಿಂತುಕೊಂಡೇ ರಾಣಿ ಅವನನ್ನು ವಿಚಾರಿಸಿದಳು. ಯಾವ ದೇಶ? ಎಲ್ಲೆಲ್ಲಿ ತಿರುಗಿದೆ? ಅಂಥ ಒಳ್ಳೆಯ ದೇಶ ಬಿಟ್ಟು ಇಷ್ಟು ದೂರ ಏಕೆ ಬಂದೆ? ಅವನು ಹೆಸರಿಸಿದ ದೇಶಗಳ ಪಟ್ಟಿ ಕೇಳಿ ಆಕೆಗೆ ತೃಪ್ತಿಯಾಗಲಿಲ್ಲ. ಪ್ರೇಮದಲ್ಲಿ ನೋವುಂಡು ಹೊರಟೆಯೋ, ಪ್ರೀತಿಯವರು ಯಾರಾದರೂ ಸತ್ತು ಹೀಗೆ ಅಲೆಯುತ್ತಿರುವೆಯೋ ಎಂದು ಕೇಳಿಬಿಟ್ಟಳು!

ವಾಚಕರು ಗಮನಿಸಬೇಕು. ಎರಡೂ ನಿಜ. ಹೊರಡಿಸಿದ್ದು ಮೊದಲನೆಯದು, ಅಲೆಸುತ್ತಿದ್ದುದು ಎರಡನೆಯದು. ಹಲವು ಭಾಷೆ ಬಲ್ಲ ರೋಮನ್ ಶ್ರೀಮಂತನ ಒಳಗನ್ನು, ಅವನ ಭಾಷೆ ತಿಳಿಯದ ಕರಾವಳಿಯ ಹೆಂಗಸು ಐದು ನಿಮಿಷದಲ್ಲಿ ಓದಿಬಿಟ್ಟಳು. ದಾಂಪತ್ಯದ ಕಹಿಯನ್ನು ತಾನೂ ಉಂಡವಳಲ್ಲವೇ! ಅವನು ಮೊದಲು ಹಳೆಯ ಪ್ರೇಮದ ಕಥೆಯನ್ನು ಮರೆಮಾಚಿ, ನಾನಾ ದೇಶಗಳ ಆಚಾರ ನೋಡಿ ಕಲಿಯುವ ಆಸೆಯಿಂದ ಬಂದೆ ಎಂದ. ಅಷ್ಟಕ್ಕೇ ನಿಲ್ಲಿಸಲಾಗಲಿಲ್ಲ. ಪ್ರೀತಿಯ ಹೆಂಡತಿ ಸತ್ತಂದಿನಿಂದ ವೇಷದಲ್ಲಿ ಅಲ್ಲದಿದ್ದರೂ ಮನಸ್ಸಿನಲ್ಲಿ ತಾನು ಜೋಗಿಗಿಂತಲೂ ಹೆಚ್ಚಿನ ಜೋಗಿಯಾಗಿದ್ದೇನೆ ಎಂದು ಒಪ್ಪಿಕೊಂಡ. ಮುಂದೆ ಎಲ್ಲಿಗೆ ಎಂದು ಕೇಳಿದಳು. ದೇವರು ಆಯುಸ್ಸು ಕೊಟ್ಟರೆ ಊರಿಗೆ ಎಂದ. ಆಮೇಲೆ ಚಿಕ್ಕ ರಾಜಕುಮಾರನ ಮನೆಯಲ್ಲಿ ಎಲೆಯ ಮೇಲೆ ಅನ್ನ ಬಡಿಸಿದರು. ಅವನು ಕೈ ಮುಟ್ಟಿಸದೆ ಚಮಚದಿಂದ ಉಂಡದ್ದನ್ನು ಕಂಡು ಸುತ್ತ ಕುಳಿತವರು ಇವನಾರೋ ದೇವರು ಎಂದು ಬೆರಗಾದರಂತೆ. ಆ ಪದವನ್ನೂ ಕನ್ನಡದಲ್ಲಿ ಕೇಳಿದಂತೆಯೇ ಬರೆದಿಟ್ಟಿದ್ದಾನೆ.

1626ರಲ್ಲಿ ಅವನು ರೋಮ್ ಸೇರಿ ಮಾನಿಯ ದೇಹವನ್ನು ತನ್ನ ಮನೆತನದ ಸಮಾಧಿಯಲ್ಲಿ ಇರಿಸಿದ. 1652ರಲ್ಲಿ ತಾನೂ ತೀರಿಕೊಂಡ.

ಅವನ ಬರವಣಿಗೆಯಲ್ಲಿ ತಪ್ಪುಗಳಿಲ್ಲವೆಂದಲ್ಲ. ರಾಣಿಯ ಮೈಬಣ್ಣ, ಉಡುಗೆಗಳ ವಿಷಯದಲ್ಲಿ ಅವನ ಮಾತು ಒರಟು. ನಮ್ಮ ದೇವರುಗಳ ವಿಷಯದಲ್ಲಿ ಅವನದು ಆ ಕಾಲದ ಕ್ರೈಸ್ತನ ಕಣ್ಣು. ಆದರೆ ಅರಸರ ಲೆಕ್ಕ, ಸೈನ್ಯದ ಲೆಕ್ಕ, ಮೆಣಸಿನ ಲೆಕ್ಕ ಬರೆದವರು ಬಹಳ ಮಂದಿ ಇದ್ದಾರೆ. ಮಗ್ಗಿ ಹೇಳುವ ಹುಡುಗರ ಮುಂದೆ ನಿಂತವನು, ವಾದ್ಯದವನ ವಿಧವೆಯ ಹೆಸರು ಕೇಳಿದವನು, ತನಗೇ ಬಂದ ಪ್ರಶ್ನೆಗೆ ಉತ್ತರ ಕೊಟ್ಟವನು ಇವನೊಬ್ಬನೇ ನಮಗೆ ಕಂಡದ್ದು. ಊರು ನೋಡುವುದು ಬೇರೆ, ಊರಿನವರ ಪ್ರಶ್ನೆಗೆ ನಿಂತು ಉತ್ತರ ಹೇಳುವುದು ಬೇರೆ. ಎರಡನೆಯದು ಆಗದೆ ಮೊದಲನೆಯದು ಪೂರ್ತಿಯಾಗುವುದಿಲ್ಲ.

ಈಗ ನಮ್ಮ ಮಾತು. ಯಾರ ಮನೆಗೆ ಬಂದದ್ದು ಎಂದು ಇಕ್ಕೇರಿಯ ಅಜ್ಜಿ ಕೇಳಿದ್ದೂ, ಏಕೆ ಬಂದೆ ಎಂದು ಉಳ್ಳಾಲದ ರಾಣಿ ಕೇಳಿದ್ದೂ ಒಂದೇ ಪ್ರಶ್ನೆ. ರೋಮಿನವನು ದಾರಿಯಲ್ಲಿ ನಿಂತು, ದುಭಾಷಿಯನ್ನು ಇಟ್ಟುಕೊಂಡು, ನೋವನ್ನು ಸಹ ಬಿಚ್ಚಿ ಉತ್ತರ ಹೇಳಿದ. ಕನ್ನಡವೇ ಮನೆಮಾತಾದ ನಾವು ಗಡಿಯಾರ ನೋಡಿಕೊಂಡು ಗಾಡಿ ಹತ್ತಿದೆವು. ಹೊರನಾಡಿನಲ್ಲಿರುವ ನಮ್ಮ ಮಕ್ಕಳಿಗೆ ಕನ್ನಡ ಏಕೆ ಬೇಕು ಎಂದು ಸಂಘದ ಸಭೆಗಳಲ್ಲಿ ಚರ್ಚೆ ಮಾಡುತ್ತಲೇ ಇದ್ದೇವೆ. ಕುವೆಂಪು, ಬೇಂದ್ರೆ ಓದಲಿಕ್ಕೆ ಎಂದು ಕೆಲವರು, ಸಂಸ್ಕೃತಿ ಉಳಿಸಲಿಕ್ಕೆ ಎಂದು ಕೆಲವರು. ಆ ದೊಡ್ಡ ಮಾತುಗಳು ಇರಲಿ. ಜಗಲಿಯ ಮೇಲಿನ ಒಬ್ಬ ಅಜ್ಜಿ ಯಾವ ಊರಿನ ಕೂಸು ಎಂದು ಕೇಳಿದಾಗ ಅಪ್ಪ ಅಮ್ಮನ ಮುಖ ನೋಡದೆ ಉತ್ತರ ಹೇಳುವಷ್ಟು ಕನ್ನಡ ಬರಲಿ ಎಂಬುದೇ ನಮಗೆ ಈಗ ಸಾಕಾಗಿದೆ.

ಮಗಳು ಈಗ ಎಂಟನೆಯ ತರಗತಿ. ಭಾನುವಾರ ಸಂಘದ ಕನ್ನಡ ತರಗತಿಗೆ ಗೊಣಗುತ್ತಲೇ ಹೋಗುತ್ತಾಳೆ. ಮೊನ್ನೆ ಮರಳಿನ ಹುಡುಗರ ಕಥೆ ಹೇಳಿದಾಗ, "ನಾಲ್ಕು ಜನಾನೂ ಒಟ್ಟಿಗೆ ಮರೆತುಬಿಟ್ಟರೆ?" ಎಂದು ಕೇಳಿದಳು. ಕನ್ನಡದಲ್ಲೇ ಕೇಳಿದಳು. ಹುಡುಗರು ಕೊಟ್ಟ ಉತ್ತರವನ್ನೇ ಹೇಳಿದೆವು. ಆದರೆ ಹೊರನಾಡಿನ ಒಂದು ಮನೆಯಲ್ಲಿ ಇರುವುದೇ ಮೂರು ನಾಲ್ಕು ಜನ, ಎಲ್ಲರೂ ಒಟ್ಟಿಗೆ ಮರೆಯುವುದು ಅಷ್ಟೇನೂ ಕಷ್ಟವಲ್ಲ ಎಂಬುದು ನಮಗೆ ಗೊತ್ತಿದೆ.

ಈ ಸಲದ ಎಲ್.ಟಿ.ಸಿ.ಗೆ ಅರ್ಜಿ ಕೊಟ್ಟಾಗಿದೆ. ಪಟ್ಟಿಯಲ್ಲಿ ಊರುಗಳು ಕಡಿಮೆ. ಸಾಗರದಿಂದ ಇಕ್ಕೇರಿಗೆ ಟ್ಯಾಕ್ಸಿ ಮಾಡುವುದಿಲ್ಲ, ಬಸ್ಸಿನಲ್ಲಿ ಹೋಗುತ್ತೇವೆ. ಅಜ್ಜಿ ಇದ್ದರೆ ಮಜ್ಜಿಗೆ ಕುಡಿಯುವುದಿದೆ.